ಅಟ್ಟದ ಮೇಲಿನ ಹಳೆ ಆಟಿಕೆ ಕಾರಿಗೆ ಲಕ್ಷ ರೂಪಾಯಿ ಸಿಗುತ್ತದೆಯೇ? ‘ಅಪರೂಪದ ವೇರಿಯೇಷನ್’ ಅಂದರೆ ನಿಜಕ್ಕೂ ಏನು?

“ನಿಮ್ಮ ಮನೆಯಲ್ಲಿ ಹಳೆಯ ಮ್ಯಾಚ್‌ಬಾಕ್ಸ್ ಕಾರು ಇದೆಯೇ? ಎಸೆಯಬೇಡಿ, ನೀವೇ ಲಕ್ಷಾಧಿಪತಿ!” ಈ ಧಾಟಿಯ ಫಾರ್ವರ್ಡ್ ಅಥವಾ ರೀಲ್ ನಿಮ್ಮ ಫೋನಿಗೂ ಬಂದಿರಬಹುದು. ಹಳೇ ನಾಣ್ಯ, ಹಳೇ ನೋಟು, ಹಳೇ ರೇಡಿಯೊ ಆದ ಮೇಲೆ ಈಗ ಆಟಿಕೆ ಕಾರಿನ ಸರದಿ. ಇಂಥ ಸಂದೇಶಗಳಲ್ಲಿ ಒಂದಿಷ್ಟು ನಿಜ ಇರುತ್ತದೆ. ಅಂಗೈಯಲ್ಲಿ ಹಿಡಿಸುವ ಲೋಹದ ಕಾರುಗಳು ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋಗಿರುವುದು ಸುಳ್ಳಲ್ಲ. ಆದರೆ ಯಾವ ಕಾರು ಹೋಯಿತು, ಏಕೆ ಹೋಯಿತು ಎಂಬುದನ್ನು ಫಾರ್ವರ್ಡ್ ಹೇಳುವುದಿಲ್ಲ. ಅಷ್ಟನ್ನು ತಿಳಿದುಕೊಳ್ಳದೆ ಮಾರಲು ಹೊರಟವರೂ ಮೋಸ ಹೋಗುತ್ತಾರೆ, ಕೊಳ್ಳಲು ಹೊರಟವರೂ ಮೋಸ ಹೋಗುತ್ತಾರೆ. ಅದನ್ನೇ ಇಲ್ಲಿ ನಾವು ಬಿಡಿಸಿ ಹೇಳುತ್ತೇವೆ.

ಚುಟುಕಾಗಿ ಹೇಳುವುದಾದರೆ

• ಹಳೆಯದು ಎಂಬ ಒಂದೇ ಕಾರಣಕ್ಕೆ ಆಟಿಕೆ ಕಾರಿಗೆ ದೊಡ್ಡ ಬೆಲೆ ಬರುವುದಿಲ್ಲ.
• ದೊಡ್ಡ ಬೆಲೆ ಬರುವುದು ಕಾರ್ಖಾನೆಯಲ್ಲೇ ಕೆಲವೇ ಸಂಖ್ಯೆಯಲ್ಲಿ ತಯಾರಾದ ‘ಬೇರೆ ರೂಪ’ಕ್ಕೆ. ಬಣ್ಣ, ಚಕ್ರ, ಅಚ್ಚು, ತಳದ ತಗಡು, ಇವುಗಳಲ್ಲಿ ಒಂದು ಬದಲಾಗಿರುತ್ತದೆ.
• ಆ ವ್ಯತ್ಯಾಸ ಬಹಳ ಸಣ್ಣದು. ಹಾಗಾಗಿ ನಕಲು ಮಾಡುವುದೂ ಸುಲಭ.
• ಮಾರಾಟಕ್ಕೆ ಮುಂಚೆ ‘ನೋಂದಣಿ ಶುಲ್ಕ’ ಕೇಳಿದರೆ ಅದು ಮೋಸ.
• ಹಳೆಯ ಕಾರುಗಳ ಬಣ್ಣದಲ್ಲಿ ಸೀಸ ಇರಬಹುದು. ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ.

ಡೈಕಾಸ್ಟ್ ಕಾರು ಅಂದರೆ ಯಾವುದು?

ಕರಗಿದ ಲೋಹವನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ನುಗ್ಗಿಸಿ ಮಾಡುವ ಎರಕಕ್ಕೆ ಡೈಕಾಸ್ಟಿಂಗ್ ಎನ್ನುತ್ತಾರೆ. ಆಟಿಕೆ ಕಾರುಗಳಿಗೆ ಬಳಸುವುದು ಮುಖ್ಯವಾಗಿ ಸತುವಿನ ಮಿಶ್ರಲೋಹ. ಅದರ ಹೆಸರು ಝಾಮಾಕ್. ಸತು, ಅಲ್ಯೂಮಿನಿಯಂ, ಮೆಗ್ನೀಸಿಯಂ ಮತ್ತು ತಾಮ್ರಕ್ಕೆ ಜರ್ಮನ್ ಭಾಷೆಯಲ್ಲಿರುವ ಹೆಸರುಗಳ ಮೊದಲ ಅಕ್ಷರ ಸೇರಿಸಿ ಮಾಡಿದ ಪದ ಇದು. ಸುಮಾರು 380 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಕರಗಲು ಶುರುವಾಗುವ ಈ ಲೋಹ ಅಚ್ಚಿನ ಸಣ್ಣ ಸಣ್ಣ ಗೆರೆಯನ್ನೂ ತುಂಬಿಕೊಳ್ಳುತ್ತದೆ. ಹಾಗಾಗಿಯೇ ಬೆರಳುದ್ದದ ಕಾರಿನಲ್ಲೂ ಬಾಗಿಲ ಹಿಡಿಕೆ, ಮುಂದಿನ ಜಾಲರಿ ಎಲ್ಲವೂ ಸ್ಪಷ್ಟವಾಗಿ ಮೂಡುತ್ತವೆ.

ಈ ಆಟಿಕೆಗಳ ದೊಡ್ಡ ತವರು ಇಂಗ್ಲೆಂಡ್. ಲಿವರ್‌ಪೂಲ್‌ನ ಮೆಕ್ಯಾನೋ ಕಂಪನಿ 1934ರಿಂದ ‘ಡಿಂಕಿ ಟಾಯ್ಸ್’ ಎಂಬ ಹೆಸರಿನಲ್ಲಿ ಕಾರುಗಳನ್ನು ಮಾರಿತು. ಲಂಡನ್ನಿನ ಲೆಸ್ನಿ ಕಂಪನಿ ಶುರುವಾದದ್ದು 1947ರಲ್ಲಿ. ಅದನ್ನು ಕಟ್ಟಿದವರು ಲೆಸ್ಲಿ ಸ್ಮಿತ್ ಮತ್ತು ರಾಡ್ನಿ ಸ್ಮಿತ್. ಹೆಸರು ಒಂದೇ ಆದರೂ ಇಬ್ಬರೂ ಸಂಬಂಧಿಕರಲ್ಲ. ಅವರ ಜೊತೆ ಸೇರಿದ ಎಂಜಿನಿಯರ್ ಜಾಕ್ ಓಡೆಲ್ ಅವರ ಮಗಳ ಶಾಲೆಯಲ್ಲಿ, ಬೆಂಕಿಪೆಟ್ಟಿಗೆಯೊಳಗೆ ಹಿಡಿಸುವ ಆಟಿಕೆಯನ್ನು ಮಾತ್ರ ತರಬಹುದು ಎಂಬ ನಿಯಮ ಇತ್ತಂತೆ. ಓಡೆಲ್ ಮಗಳಿಗಾಗಿ ಪುಟ್ಟದೊಂದು ರೋಡ್ ರೋಲರ್ ಮಾಡಿಕೊಟ್ಟರು. 1953ರಲ್ಲಿ ಮಾರುಕಟ್ಟೆಗೆ ಬಂದ ‘ಮ್ಯಾಚ್‌ಬಾಕ್ಸ್’ ಸರಣಿಯ ಮೂಲ ಅದೇ. ಸರಣಿಯ ಮೊದಲ ನಂಬರೂ ರೋಡ್ ರೋಲರ್‌ನದೇ. 1956ರಲ್ಲಿ ಮೆಟಾಯ್ ಕಂಪನಿಯ ‘ಕಾರ್ಗಿ’ ಬಂತು. ಅಮೆರಿಕದ ಮ್ಯಾಟೆಲ್ 1968ರಲ್ಲಿ ‘ಹಾಟ್ ವೀಲ್ಸ್’ ತಂದಿತು.

ಅಪರೂಪದ ರೂಪ ಹುಟ್ಟುವುದು ಹೇಗೆ?

ಒಂದು ಮಾದರಿಯ ಕಾರನ್ನು ಕಾರ್ಖಾನೆ ಹಲವು ವರ್ಷ, ಲಕ್ಷಗಟ್ಟಲೆ ಸಂಖ್ಯೆಯಲ್ಲಿ ತಯಾರಿಸುತ್ತದೆ. ಅಷ್ಟೂ ಕಾರುಗಳು ಒಂದೇ ಥರ ಇರುವುದು ಸಾಧ್ಯವೇ ಇಲ್ಲ. ಒಂದು ದಿನ ನಿಗದಿತ ಬಣ್ಣ ಖಾಲಿಯಾಗುತ್ತದೆ, ಇನ್ನೊಂದು ಕಾರಿನ ಬಣ್ಣವನ್ನೇ ಹೊಡೆಯುತ್ತಾರೆ. ಬೂದು ಚಕ್ರಗಳ ದಾಸ್ತಾನು ಮುಗಿದಾಗ ಕಪ್ಪು ಚಕ್ರ ಹಾಕುತ್ತಾರೆ. ಅಚ್ಚು ಸವೆದು ಬಿರುಕು ಬಿಟ್ಟಾಗ ಒಂದು ಗೆರೆ ಸೇರಿಸಿ ರಿಪೇರಿ ಮಾಡುತ್ತಾರೆ. ಮುಂದೆ ಆ ಅಚ್ಚಿನಿಂದ ಬರುವ ಎಲ್ಲ ಕಾರುಗಳಲ್ಲೂ ಆ ಗೆರೆ ಇರುತ್ತದೆ. ಕೆಲವೊಮ್ಮೆ ಹೊಸ ಬಣ್ಣ ಹೇಗೆ ಕಾಣುತ್ತದೆ ಎಂದು ನೋಡಲು ನಾಲ್ಕಾರು ಕಾರು ಮಾಡಿ ಬಿಟ್ಟುಬಿಡುತ್ತಾರೆ.

ಹೀಗೆ ಒಂದೇ ಮಾದರಿಯಲ್ಲಿ ಕಾಣುವ ಬೇರೆ ಬೇರೆ ರೂಪಗಳಿಗೆ ಸಂಗ್ರಾಹಕರು ‘ವೇರಿಯೇಷನ್’ ಎನ್ನುತ್ತಾರೆ. ಬಹುತೇಕ ವೇರಿಯೇಷನ್‌ಗಳಿಗೆ ವಿಶೇಷ ಬೆಲೆ ಇಲ್ಲ. ಯಾವ ರೂಪದ ಕಾರುಗಳು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆಯೋ ಅವುಗಳಿಗೆ ಮಾತ್ರ ಪೈಪೋಟಿ.

ಮ್ಯಾಚ್‌ಬಾಕ್ಸ್‌ನ ಚಕ್ರಗಳನ್ನೇ ನೋಡಿ. ಮೊದಲ ವರ್ಷಗಳಲ್ಲಿ ಲೋಹದ ಚಕ್ರ ಇತ್ತು. 1950ರ ದಶಕದ ಕೊನೆಗೆ ಬೂದು ಪ್ಲಾಸ್ಟಿಕ್ ಚಕ್ರ ಬಂತು. ನಡುವೆ ಸ್ವಲ್ಪ ಕಾಲ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಚಕ್ರವೂ ಇತ್ತು. 1960ರ ದಶಕದಲ್ಲಿ ಕಪ್ಪು ಪ್ಲಾಸ್ಟಿಕ್. ಹಾಟ್ ವೀಲ್ಸ್ ಕಾರುಗಳ ವೇಗಕ್ಕೆ ಉತ್ತರ ಕೊಡಲು 1969ರಿಂದ ತೆಳು ಅಚ್ಚುಕಡ್ಡಿಯ ‘ಸೂಪರ್‌ಫಾಸ್ಟ್’ ಚಕ್ರ. ಚಕ್ರ ಬದಲಾಗುವ ಸಮಯದಲ್ಲಿ ತಯಾರಾಗುತ್ತಿದ್ದ ಮಾದರಿಯೊಂದು ಎರಡು ಮೂರು ಥರದ ಚಕ್ರದಲ್ಲಿ ಸಿಗುತ್ತದೆ. ಒಂದು ಥರ ಬೇಕಾದಷ್ಟು ಸಿಗುತ್ತದೆ, ಇನ್ನೊಂದು ಹುಡುಕಿದರೂ ಸಿಗುವುದಿಲ್ಲ.

ಪ್ರಸಿದ್ಧವಾದ ಕೆಲವು ಅಪರೂಪಗಳು

ಮ್ಯಾಚ್‌ಬಾಕ್ಸ್ 11ನೇ ನಂಬರಿನ ಟ್ಯಾಂಕರ್ ಲಾರಿ: 1950ರ ದಶಕದ ಈ ಪುಟ್ಟ ಲಾರಿ ಕೆಂಪು ಬಣ್ಣದಲ್ಲಿ ಸುಲಭವಾಗಿ ಸಿಗುತ್ತದೆ. ಹಸಿರು ಬಣ್ಣದ್ದು ಸಿಗುವುದು ತೀರಾ ಕಷ್ಟ.

ಮ್ಯಾಚ್‌ಬಾಕ್ಸ್ 30ನೇ ನಂಬರಿನ ಆರು ಚಕ್ರದ ಕ್ರೇನ್: ಬೆಳ್ಳಿ ಬಣ್ಣದ ಗಾಡಿ, ಮೇಲೆ ಕಿತ್ತಳೆ ಬಣ್ಣದ ಕ್ರೇನ್ ಇದ್ದರೆ ಅದು ಸಾಮಾನ್ಯ ರೂಪ. ಗಾಡಿ ತಿಳಿ ಕಂದು ಬಣ್ಣದ್ದಾಗಿದ್ದರೆ ಅದು ಮ್ಯಾಚ್‌ಬಾಕ್ಸ್ ಲೋಕದ ಅತಿ ಬೇಡಿಕೆಯ ವಸ್ತುಗಳಲ್ಲೊಂದು.

ಮ್ಯಾಚ್‌ಬಾಕ್ಸ್ 8ನೇ ನಂಬರಿನ ಫೋರ್ಡ್ ಮಸ್ಟಾಂಗ್: 1966ರಲ್ಲಿ ಬಂದ ಇದರ ಬಣ್ಣ ಬಿಳಿ. ಸೂಪರ್‌ಫಾಸ್ಟ್‌ಗಿಂತ ಮುಂಚಿನ ಕಪ್ಪು ಪ್ಲಾಸ್ಟಿಕ್ ಚಕ್ರದಲ್ಲಿ, ಕಿತ್ತಳೆ ಬಣ್ಣದಲ್ಲಿ ಸಿಕ್ಕರೆ ಬೆಲೆ ಹಲವು ಪಟ್ಟು. ಇಲ್ಲಿ ಬಣ್ಣವೊಂದನ್ನೇ ನೋಡಿದರೆ ಸಾಲದು, ಚಕ್ರವೂ ಹೊಂದಬೇಕು ಎಂಬುದನ್ನು ಗಮನಿಸಿ.

ಡಿಂಕಿ 28 ಸರಣಿಯ ವ್ಯಾನುಗಳು: 1930ರ ದಶಕದಲ್ಲಿ ಡಿಂಕಿ ಅಂಗಡಿ, ಕಂಪನಿಗಳ ಜಾಹೀರಾತು ಬರೆದ ಪುಟ್ಟ ವ್ಯಾನುಗಳನ್ನು ಮಾಡುತ್ತಿತ್ತು. ಅದರಲ್ಲಿ ಲಂಡನ್ನಿನ ಒಂದು ಸೈಕಲ್ ಅಂಗಡಿಯ ಹೆಸರಿದ್ದ ‘ಡಬ್ಲ್ಯೂ. ಇ. ಬಾಯ್ಸ್’ ವ್ಯಾನು 2008ರ ಹರಾಜಿನಲ್ಲಿ ಸುಮಾರು 20 ಸಾವಿರ ಪೌಂಡಿಗೆ ಹೋಯಿತು. ಆಗಿನ ಲೆಕ್ಕದಲ್ಲಿ 15 ಲಕ್ಷ ರೂಪಾಯಿಗೂ ಹೆಚ್ಚು. ಅದೇ ಅಚ್ಚಿನ ವ್ಯಾನುಗಳು ಬೇರೆ ಹೆಸರು ಹೊತ್ತು ಹಲವಾರು ಬಂದಿದ್ದವು. ಬೆಲೆ ಬಂದದ್ದು ಪಕ್ಕದಲ್ಲಿ ಬರೆದಿದ್ದ ಆ ಹೆಸರಿಗೆ.

ಹಾಟ್ ವೀಲ್ಸ್ ‘ಬೀಚ್ ಬಾಂಬ್’: 1969ರ ಈ ಫೋಕ್ಸ್‌ವ್ಯಾಗನ್ ವ್ಯಾನಿನ ಮೊದಲ ಮಾದರಿಯಲ್ಲಿ ಅಲೆಹಲಗೆಗಳು ಹಿಂದಿನ ಕಿಟಕಿಯಿಂದ ಹೊರಚಾಚಿದ್ದವು. ಗಾಡಿ ಕಿರಿದಾಗಿದ್ದು, ಮೇಲ್ಭಾಗ ಭಾರವಾಗಿತ್ತು. ಕಂಪನಿಯದೇ ಆದ, ಕಾರನ್ನು ವೇಗವಾಗಿ ತಳ್ಳುವ ಯಂತ್ರದಲ್ಲಿ ಅದು ಸರಿಯಾಗಿ ಓಡಲಿಲ್ಲ. ಆದ್ದರಿಂದ ಗಾಡಿಯನ್ನು ಅಗಲ ಮಾಡಿ, ಹಲಗೆಗಳನ್ನು ಪಕ್ಕಕ್ಕೆ ಹಾಕಿ ಅಂಗಡಿಗೆ ಬಿಟ್ಟರು. ಪ್ರಯೋಗಕ್ಕೆಂದು ಮಾಡಿದ ಹಳೆಯ ರೂಪದ ಗುಲಾಬಿ ಬಣ್ಣದ ವ್ಯಾನು ಇಂದು ಜಗತ್ತಿನ ಅತಿ ದುಬಾರಿ ಹಾಟ್ ವೀಲ್ಸ್. ಅದರ ಅಂದಾಜು ಬೆಲೆ ಒಂದು ಲಕ್ಷ ಡಾಲರ್ ದಾಟಿದೆ. ಅಂಗಡಿಗೆ ಬಂದ, ಪಕ್ಕದಲ್ಲಿ ಹಲಗೆ ಇರುವ ವ್ಯಾನಿಗೆ ಆ ಬೆಲೆ ಇಲ್ಲ. ಫಾರ್ವರ್ಡ್‌ಗಳಲ್ಲಿ ಎರಡನ್ನೂ ‘ಬೀಚ್ ಬಾಂಬ್’ ಎಂದೇ ಕರೆದರೆ ಗೊಂದಲ ಶುರುವಾಗುವುದು ಇಲ್ಲೇ.

ನಂಬಿಕೆ 1: ಹಳೆಯದಾದಷ್ಟೂ ಬೆಲೆ ಹೆಚ್ಚು

ತಪ್ಪು. ಕಾರ್ಗಿ ಕಂಪನಿ 1965ರಲ್ಲಿ ಜೇಮ್ಸ್ ಬಾಂಡ್‌ನ ಆಸ್ಟನ್ ಮಾರ್ಟಿನ್ ಕಾರನ್ನು ಚಿನ್ನದ ಬಣ್ಣದಲ್ಲಿ ಬಿಡುಗಡೆ ಮಾಡಿತು. ಸಿನಿಮಾದಲ್ಲಿದ್ದದ್ದು ಬೆಳ್ಳಿ ಬಣ್ಣದ ಕಾರು. ಬೆಳ್ಳಿ ಬಣ್ಣ ಹೊಡೆದರೆ ಬಣ್ಣವೇ ಹಾಕದ ಲೋಹದಂತೆ ಕಾಣುತ್ತದೆ ಎಂದು ಚಿನ್ನದ ಬಣ್ಣ ಆರಿಸಿದರು ಎಂಬುದು ಪ್ರಸಿದ್ಧ ಕಥೆ. ಅರವತ್ತು ವರ್ಷ ಹಳೆಯದು, ಸಿನಿಮಾಗಿಂತ ಬೇರೆ ಬಣ್ಣ, ಜೊತೆಗೆ ಬಾಂಡ್ ಹೆಸರು. ಕೇಳಿದರೆ ಕೋಟಿ ಬೆಲೆ ಎನ್ನಿಸಬೇಕು. ಆದರೆ ಅದು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಮಾರಾಟವಾಗಿತ್ತು. ಹಾಗಾಗಿ ಆಡಿ ಸವೆದ, ಡಬ್ಬಿ ಇಲ್ಲದ ಒಂದು ಕಾರನ್ನು ಸಾಮಾನ್ಯ ಸಂಗ್ರಾಹಕರೂ ಕೊಳ್ಳಬಲ್ಲರು.

ಕಂಪನಿಗಳು ಬೇಕೆಂದೇ ಕಡಿಮೆ ಮಾಡಿ ಬಿಡುವ ಕಾರುಗಳದ್ದು ಬೇರೆ ಲೆಕ್ಕ. ಹಾಟ್ ವೀಲ್ಸ್ 1995ರಲ್ಲಿ ‘ಟ್ರೆಷರ್ ಹಂಟ್’ ಎಂದು 12 ಕಾರುಗಳನ್ನು ತಲಾ 10 ಸಾವಿರದಂತೆ ಬಿಟ್ಟಿತು. ಅವು ಅಪರೂಪ ಎಂದು ಮೊದಲೇ ಗೊತ್ತಿದ್ದರಿಂದ ಕೊಂಡವರು ಪ್ಯಾಕೆಟ್ ಒಡೆಯದೆ ಜೋಪಾನ ಮಾಡಿದರು. 1950–60ರ ದಶಕದ ಕಾರುಗಳನ್ನು ಯಾರೂ ಹಾಗೆ ಇಟ್ಟುಕೊಳ್ಳಲಿಲ್ಲ. ಮಕ್ಕಳು ಮಣ್ಣಲ್ಲಿ ಆಡಿದರು, ಕಲ್ಲಿಗೆ ಕುಟ್ಟಿದರು, ಕಳೆದುಹಾಕಿದರು. ಮೊದಲೇ ಕಡಿಮೆ ಇದ್ದದ್ದು ಇನ್ನೂ ಕಡಿಮೆಯಾಯಿತು.

ನಂಬಿಕೆ 2: ತಳದಲ್ಲಿ ಬರೆದಿರುವ ಇಸವಿಯೇ ಕಾರು ತಯಾರಾದ ಇಸವಿ

ಇದು ಬಹಳ ಜನರನ್ನು ದಾರಿ ತಪ್ಪಿಸುವ ವಿಷಯ. ಕಾರನ್ನು ತಿರುಗಿಸಿದರೆ ತಳದಲ್ಲಿ ಒಂದು ಇಸವಿ ಕಾಣಬಹುದು. ಅದು ಸಾಮಾನ್ಯವಾಗಿ ಆ ವಿನ್ಯಾಸದ ಹಕ್ಕುಸ್ವಾಮ್ಯದ ಇಸವಿ. ಅದೇ ತಳ ಇಟ್ಟುಕೊಂಡು ಕಂಪನಿ ಎಷ್ಟೋ ವರ್ಷಗಳ ನಂತರವೂ ಕಾರು ತಯಾರಿಸಿರಬಹುದು. ತಳದಲ್ಲಿ 1969 ಎಂದಿರುವ ಹಾಟ್ ವೀಲ್ಸ್ ಮೊನ್ನೆ ಮೊನ್ನೆ ಅಂಗಡಿಗೆ ಬಂದದ್ದೂ ಆಗಿರಬಹುದು.

ಇಸವಿಗಿಂತ ಹೆಚ್ಚು ಸುಳಿವು ಕೊಡುವುದು ತಯಾರಾದ ಊರಿನ ಹೆಸರು. ಲೆಸ್ನಿ ಕಂಪನಿ 1982ರಲ್ಲಿ ದಿವಾಳಿಯಾಯಿತು. ಮ್ಯಾಚ್‌ಬಾಕ್ಸ್ ಹೆಸರು ಹಾಂಗ್‌ಕಾಂಗ್ ಮೂಲದ ಯೂನಿವರ್ಸಲ್ ಕಂಪನಿಗೆ ಹೋಯಿತು, 1992ರಲ್ಲಿ ಟೈಕೊ ಕೈಗೆ, 1997ರಲ್ಲಿ ಮ್ಯಾಟೆಲ್ ಕೈಗೆ ಬಂತು. ತಯಾರಿಕೆ ಮಕಾವ್, ಆಮೇಲೆ ಚೀನಾ ಮುಂತಾದ ಕಡೆಗೆ ಸರಿಯಿತು. ತಳದಲ್ಲಿ ಲೆಸ್ನಿ ಹೆಸರಿನ ಜೊತೆ ಇಂಗ್ಲೆಂಡ್ ಎಂದಿದ್ದರೆ ಅದು ಹಳೆಯ ಕಾಲದ್ದು ಎಂದು ಅಂದಾಜು ಮಾಡಬಹುದು. ಮಕಾವ್, ಚೀನಾ, ಥಾಯ್ಲೆಂಡ್ ಎಂದಿದ್ದರೆ ಅದು ನಂತರದ್ದು.

ನಂಬಿಕೆ 3: ಪಟ್ಟಿಯಲ್ಲಿರುವ ಅಪರೂಪದ ಬಣ್ಣಕ್ಕೆ ಹೊಂದಿದರೆ ಸಾಕು

ಸಾಲದು. ಬೆಲೆ ಇರುವುದು ಬಣ್ಣದಲ್ಲಿ ಎಂದಾದ ಮೇಲೆ ಬಣ್ಣ ಬದಲಿಸುವವರೂ ಹುಟ್ಟಿಕೊಳ್ಳುತ್ತಾರೆ. ಬಿಳಿ ಮಸ್ಟಾಂಗ್‌ನ ಬಣ್ಣ ಕೆರೆದು ಕಿತ್ತಳೆ ಹೊಡೆಯುವುದು ಕಷ್ಟದ ಕೆಲಸವಲ್ಲ. ಹಳೆಯ ಕಾರುಗಳ ಚಕ್ರ, ಸ್ಟಿಕರ್, ಗಾಜಿನಂಥ ಪ್ಲಾಸ್ಟಿಕ್ ಕಿಟಕಿ, ಡಬ್ಬಿ ಕೂಡ ಹೊಸದಾಗಿ ತಯಾರಾಗಿ ಬಿಡಿಯಾಗಿ ಮಾರಾಟಕ್ಕಿವೆ. ರಿಪೇರಿ ಮಾಡುವವರಿಗೆ ಇದರಿಂದ ಅನುಕೂಲ. ಮಾಡಿಕೊಂಡದ್ದನ್ನು ಮುಚ್ಚಿಟ್ಟು ‘ಮೂಲ’ ಎಂದು ಮಾರಿದಾಗ ಅದು ವಂಚನೆ. ರಾಸಾಯನಿಕ ಹಾಕಿ ಅಥವಾ ಬಿಸಿಲಿಗಿಟ್ಟು ಮೂಲ ಬಣ್ಣದ ಛಾಯೆಯನ್ನೇ ಬದಲಿಸುವುದೂ ಉಂಟು. ಅಂಗಡಿಯ ಕಿಟಕಿಯಲ್ಲಿ ವರ್ಷಗಟ್ಟಲೆ ಬಿಸಿಲು ಕಂಡ ಕಾರಿನ ಬಣ್ಣ ತಾನಾಗಿಯೇ ಬದಲಾಗಿರಬಹುದು. ಅದು ವೇರಿಯೇಷನ್ ಅಲ್ಲ.

ಇದಕ್ಕಾಗಿಯೇ ಸಂಗ್ರಾಹಕರು ಮೂರು ದರ್ಜೆ ಮಾಡಿಕೊಂಡಿದ್ದಾರೆ. ಕಂಪನಿಯೇ ತನ್ನ ಕಾರ್ಖಾನೆಯಲ್ಲಿ ಮಾಡಿದ್ದು ‘ಕೋಡ್ 1’. ಕಂಪನಿಯ ಒಪ್ಪಿಗೆ ಪಡೆದು ಬೇರೆಯವರು ಬದಲಾಯಿಸಿದ್ದು ‘ಕೋಡ್ 2’. ಒಪ್ಪಿಗೆ ಇಲ್ಲದೆ ಯಾರೋ ಬದಲಾಯಿಸಿದ್ದು ‘ಕೋಡ್ 3’. ಲಕ್ಷದ ಮಾತು ಬರುವುದು ಮೊದಲನೆಯದಕ್ಕೆ. ಕೊಳ್ಳುವಾಗ ಮಾರುವವರನ್ನು ನೇರವಾಗಿ ಕೇಳಿ: “ಇದು ಯಾವ ಕೋಡ್?” ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಅಸಲಿಯೋ ನಕಲಿಯೋ ನೋಡುವಾಗ ಗಮನಿಸಬೇಕಾದದ್ದು ಇವು:

ರಿವೆಟ್: ಹಳೆಯ ಮ್ಯಾಚ್‌ಬಾಕ್ಸ್ ಕಾರುಗಳಲ್ಲಿ ದೇಹ ಮತ್ತು ತಳವನ್ನು ಸಾಮಾನ್ಯವಾಗಿ ರಿವೆಟ್ ಮಾಡಿ ಸೇರಿಸುತ್ತಿದ್ದರು. ಕಾರು ಬಿಚ್ಚಬೇಕಾದರೆ ಅದನ್ನು ಡ್ರಿಲ್ ಮಾಡಲೇಬೇಕು. ರಿವೆಟ್ ಜಾಗದಲ್ಲಿ ತೂತು, ಸ್ಕ್ರೂ, ಅಂಟು, ಹೊಸ ಹೊಳಪು ಕಂಡರೆ ಯಾರೋ ಬಿಚ್ಚಿದ್ದಾರೆ ಎಂದರ್ಥ.

ಒಳಗಿನ ಬಣ್ಣ: ಕಾರ್ಖಾನೆಯಲ್ಲಿ ಬಿಡಿ ಭಾಗಕ್ಕೆ ಬಣ್ಣ ಹೊಡೆದು ಆಮೇಲೆ ಜೋಡಿಸುತ್ತಾರೆ. ಹಾಗಾಗಿ ಚಕ್ರದ ಗೂಡಿನೊಳಗೆ, ಕಿಟಕಿಯ ಅಂಚಿನ ಹಿಂದೆ, ಬಾಗಿಲು ತೆರೆದಾಗ ಕಾಣುವ ಸಂದಿಯಲ್ಲಿ ಕೂಡ ಅದೇ ಬಣ್ಣ ಇರಬೇಕು. ಹೊರಗೆ ಕಿತ್ತಳೆ, ಸಂದಿಯಲ್ಲಿ ಬಿಳಿ ಕಂಡರೆ ಉತ್ತರ ಸಿಕ್ಕಂತೆಯೇ.

ಗೆರೆಗಳ ಚೂಪು: ಹೊಸ ಬಣ್ಣದ ಪದರ ದಪ್ಪಗಿದ್ದರೆ ಬಾಗಿಲಿನ ಗೆರೆ, ಅಕ್ಷರಗಳು ಮಸುಕಾಗಿ ಮುಚ್ಚಿಹೋಗುತ್ತವೆ.

ಸವೆತದ ಹೊಂದಾಣಿಕೆ: ಚಕ್ರ ಸವೆದಿದೆ, ಆದರೆ ದೇಹದ ಮೇಲೆ ಒಂದು ಗೀರೂ ಇಲ್ಲ ಎಂದರೆ ಅನುಮಾನ ಪಡಿ. ಒಟ್ಟಿಗೆ ಆಡಿದ ಕಾರು ಒಟ್ಟಿಗೇ ಸವೆಯುತ್ತದೆ.

ಅಲ್ಟ್ರಾವಯಲೆಟ್ ಬೆಳಕು: ಕಾಗದವನ್ನು ಬೆಳ್ಳಗೆ ಕಾಣಿಸುವ ರಾಸಾಯನಿಕಗಳ ಬಳಕೆ ವ್ಯಾಪಕವಾದದ್ದು 1950ರ ಆಸುಪಾಸಿನಿಂದ ಈಚೆಗೆ. ಅವು ಈ ಬೆಳಕಿನಲ್ಲಿ ನೀಲಿಯಾಗಿ ಮಿನುಗುತ್ತವೆ. 1930ರ ದಶಕದ್ದು ಎನ್ನುವ ಡಬ್ಬಿ ಹಾಗೆ ಮಿನುಗಿದರೆ ಅದು ಆ ಕಾಲದ್ದಲ್ಲ. ಕಾರಿನ ಬಣ್ಣದಲ್ಲೂ ತೇಪೆ ಹಾಕಿದ ಜಾಗ ಬೇರೆಯಾಗಿ ಕಾಣಬಹುದು. ಆದರೆ ಮಿನುಗಲಿಲ್ಲ ಎಂದ ಮಾತ್ರಕ್ಕೆ ಅಸಲಿ ಎಂದು ತೀರ್ಮಾನಿಸುವಂತಿಲ್ಲ.

ಒಂದೇ ಪರೀಕ್ಷೆ ನೆಚ್ಚಿಕೊಳ್ಳಬೇಡಿ. ಎಲ್ಲ ಸುಳಿವೂ ಒಂದೇ ದಿಕ್ಕಿಗೆ ಬೆರಳು ಮಾಡಬೇಕು. ಮೊಬೈಲ್‌ಗೆ ಬಂದ ಒಂದು ಫೋಟೋ ನೋಡಿ ‘ಇದು ಅಪರೂಪದ್ದೇ’ ಎಂದು ಯಾರೂ ಖಚಿತವಾಗಿ ಹೇಳಲಾರರು. ಬೆಳಕು, ಕ್ಯಾಮೆರಾದ ಫಿಲ್ಟರ್ ಎರಡೂ ಬಣ್ಣವನ್ನು ಬದಲಿಸುತ್ತವೆ.

ನಂಬಿಕೆ 4: ಉಜ್ಜಿ, ಹೊಸ ಬಣ್ಣ ಹೊಡೆದರೆ ಬೆಲೆ ಏರುತ್ತದೆ

ಉಲ್ಟಾ. ಗೀರು ಬಿದ್ದ ಮೂಲ ಬಣ್ಣಕ್ಕೆ ಇರುವ ಬೆಲೆ, ಮಿರಮಿರ ಮಿಂಚುವ ಹೊಸ ಬಣ್ಣಕ್ಕೆ ಇಲ್ಲ. ಮೂಲ ಬಣ್ಣವೇ ಅಲ್ಲಿ ಸಾಕ್ಷಿ. ಅದನ್ನು ಅಳಿಸಿದರೆ ಕಾರು ಅಪರೂಪದ್ದಾಗಿತ್ತು ಎಂಬುದಕ್ಕೆ ಆಧಾರವೇ ಇರುವುದಿಲ್ಲ. ಟೂತ್‌ಪೇಸ್ಟ್, ಹುಣಸೆಹಣ್ಣು, ಪಾತ್ರೆ ತೊಳೆಯುವ ಪುಡಿ ಯಾವುದೂ ಬೇಡ. ಮೃದುವಾದ ಒಣ ಬ್ರಷ್‌ನಿಂದ ದೂಳು ತೆಗೆದರೆ ಸಾಕು. ಹರಿದ ಡಬ್ಬಿಯನ್ನೂ ಎಸೆಯಬೇಡಿ, ಸೆಲ್ಲೋಟೇಪ್ ಅಂಟಿಸಬೇಡಿ. ಎಷ್ಟೋ ಸಲ ಡಬ್ಬಿಯೇ ಕಾರಿನಷ್ಟು ಬೆಲೆಬಾಳುತ್ತದೆ, ಯಾಕೆಂದರೆ ಮಕ್ಕಳು ಮೊದಲು ಎಸೆಯುವುದು ಅದನ್ನೇ.

ನಂಬಿಕೆ 5: ಆನ್‌ಲೈನ್‌ನಲ್ಲಿ 2 ಲಕ್ಷ ಎಂದು ಹಾಕಿದ್ದಾರೆ, ಹಾಗಾದರೆ ಅದೇ ಬೆಲೆ

ಯಾರು ಬೇಕಾದರೂ ಎಷ್ಟು ಬೇಕಾದರೂ ಬೆಲೆ ಬರೆದು ಹಾಕಬಹುದು. ಸಂತೆಯಲ್ಲಿ ಹೇಳಿದ ಬೆಲೆಯೇ ಬೇರೆ, ವ್ಯಾಪಾರ ಕುದುರಿದ ಬೆಲೆಯೇ ಬೇರೆ. ಇಬೇಯಂಥ ತಾಣಗಳಲ್ಲಿ ‘ಮಾರಾಟವಾದವು’ ಎಂದು ಆರಿಸಿ ನೋಡುವ ಅವಕಾಶ ಇದೆ. ಹರಾಜು ಸಂಸ್ಥೆಗಳು ಹಿಂದಿನ ಹರಾಜುಗಳ ಫಲಿತಾಂಶ ಪ್ರಕಟಿಸುತ್ತವೆ. ನಿಮ್ಮ ಕಾರಿನದೇ ಬಣ್ಣ, ಅದೇ ಚಕ್ರ, ಅಷ್ಟೇ ಸವೆತ ಇರುವ ಕಾರು ಎಷ್ಟಕ್ಕೆ ಹೋಯಿತು ಎಂದು ನೋಡಿ. ಅದು ನಿಜವಾದ ಅಂದಾಜು.

‘ಜಿಂಕ್ ಪೆಸ್ಟ್’: ಲೋಹವೇ ಪುಡಿಯಾಗುವ ತೊಂದರೆ

ಡಬ್ಬಿಯೊಳಗೆ ಜೋಪಾನವಾಗಿಟ್ಟಿದ್ದ ಕಾರು ತೆರೆದು ನೋಡಿದರೆ ಉಬ್ಬಿ, ಬಿರುಕು ಬಿಟ್ಟು, ಮುಟ್ಟಿದರೆ ಒಡೆದುಹೋಗುವಂತಾಗಿರುವುದು ಉಂಟು. ಇದಕ್ಕೆ ಜಿಂಕ್ ಪೆಸ್ಟ್ ಎನ್ನುತ್ತಾರೆ. ಹೆಸರು ಕೇಳಿ ಹುಳುವೋ ಸೋಂಕೋ ಎಂದುಕೊಳ್ಳಬೇಡಿ. ಸತುವಿನ ಮಿಶ್ರಲೋಹದಲ್ಲಿ ಸೀಸದಂಥ ಕಲಬೆರಕೆ ಸ್ವಲ್ಪವೇ ಸೇರಿದ್ದರೂ ಲೋಹದ ಕಣಗಳ ನಡುವೆ ಒಳಗಿಂದೊಳಗೇ ತುಕ್ಕು ಹಿಡಿಯುತ್ತದೆ. ತೇವ ಇದ್ದರೆ ಇನ್ನೂ ಬೇಗ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಡಿಂಕಿ ಕಾರುಗಳಲ್ಲಿ ಇದು ಹೆಚ್ಚು. ಆಮೇಲೆ ಶುದ್ಧ ಸತು ಬಳಸುವ ಎಚ್ಚರ ಬಂದದ್ದರಿಂದ ಸಮಸ್ಯೆ ಬಹಳ ಕಡಿಮೆಯಾಯಿತು.

ಇದಕ್ಕೆ ಮದ್ದಿಲ್ಲ. ಒಮ್ಮೆ ಶುರುವಾದದ್ದನ್ನು ಹಿಂದಕ್ಕೆ ತರಲಾಗದು. ಒಣ ಜಾಗದಲ್ಲಿ, ಬಿಸಿ–ತಂಪು ಹೆಚ್ಚು ಏರುಪೇರಾಗದ ಕಡೆ ಇಟ್ಟರೆ ನಿಧಾನವಾಗುತ್ತದೆ. ಒಂದು ಕಾರಿನಿಂದ ಪಕ್ಕದ ಕಾರಿಗೆ ಇದು ಹರಡುವುದಿಲ್ಲ. ಯುದ್ಧಕ್ಕೆ ಮುಂಚಿನ ಕಾರನ್ನು ಕೊಳ್ಳುವವರು ಹಣ ಕೊಡುವ ಮುನ್ನ ಕೂದಲೆಳೆಯಂಥ ಬಿರುಕುಗಳಿಗಾಗಿ ತಳ ಮತ್ತು ಚಕ್ರಗಳನ್ನು ನೋಡಲೇಬೇಕು.

ಮಗುವಿನ ಕೈಗೆ ಕೊಡಬಹುದೇ?

ಬೇಡ. ಅಜ್ಜ ಆಡಿದ ಕಾರಿನಲ್ಲಿ ಮೊಮ್ಮಗನೂ ಆಡಲಿ ಎಂಬ ಆಸೆ ಸಹಜ. ಆದರೆ ಆ ಕಾಲದ ಬಣ್ಣಗಳಲ್ಲಿ ಸೀಸ ಬಳಸುವುದು ಸಾಮಾನ್ಯವಾಗಿತ್ತು. ಅಮೆರಿಕದಲ್ಲಿ ಆಟಿಕೆಗಳಿಗೆ ಸೀಸದ ಬಣ್ಣವನ್ನು ನಿಷೇಧಿಸಿದ್ದೇ 1978ರಲ್ಲಿ. ಮಕ್ಕಳ ರಕ್ತದಲ್ಲಿ ಸೀಸ ಇಷ್ಟಿದ್ದರೆ ಸುರಕ್ಷಿತ ಎಂಬ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳೆಯುವ ಮಿದುಳಿಗೆ ಅದು ಹಾನಿ ಮಾಡುತ್ತದೆ, ಆ ಹಾನಿ ಸರಿಹೋಗದೇ ಉಳಿಯಬಹುದು. ಚಿಕ್ಕ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವುದರಿಂದ ಅಪಾಯ ಹೆಚ್ಚು.

ಇದು ಹಳೆಯ ಕಾಲದ ಕಥೆ ಮಾತ್ರವಲ್ಲ. 2007ರ ಆಗಸ್ಟ್‌ನಲ್ಲಿ ಮ್ಯಾಟೆಲ್ ಕಂಪನಿ ‘ಕಾರ್ಸ್’ ಸಿನಿಮಾದ ‘ಸಾರ್ಜ್’ ಎಂಬ ಡೈಕಾಸ್ಟ್ ಜೀಪನ್ನು, ಬಣ್ಣದಲ್ಲಿ ಸೀಸ ಹೆಚ್ಚಿದ್ದ ಕಾರಣಕ್ಕೆ 4 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹಿಂದಕ್ಕೆ ಕರೆಸಿಕೊಂಡಿತು. ಈಗ ಅಮೆರಿಕದಲ್ಲಿ ಮಕ್ಕಳ ವಸ್ತುಗಳ ಬಣ್ಣದಲ್ಲಿ ಸೀಸದ ಮಿತಿ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ. ಭಾರತದಲ್ಲಿ ಮನೆ ಬಣ್ಣಗಳಿಗೆ ಇದೇ ಮಿತಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾದದ್ದು 2021ರ ಜನವರಿ 1ರಿಂದ.

ಬಣ್ಣದಲ್ಲಿ ಸೀಸ ಇದೆಯೇ ಎಂದು ಕಣ್ಣಿಂದ ನೋಡಿ ಹೇಳಲಾಗದು. ಹಳೆಯ ಕಾರು ಗಾಜಿನ ಬೀರುವಿನಲ್ಲಿರಲಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಮರಳುಕಾಗದದಿಂದ ಬಣ್ಣ ಉಜ್ಜಲೇಬೇಡಿ, ಆ ದೂಳು ಉಸಿರಿನ ಜೊತೆ ಒಳಹೋಗುತ್ತದೆ.

ನಮ್ಮ ದೇಶದಲ್ಲೇ ತಯಾರಾದವು

ಫಾರಿನ್ನಿನಿಂದ ಬಂದದ್ದಕ್ಕೇ ಬೆಲೆ ಎಂಬ ನಂಬಿಕೆಗೆ ಇಲ್ಲಿ ಉತ್ತರ ಇದೆ. ಡಿಂಕಿ ಕಾರುಗಳ ಕೆಲವು ಹಳೆಯ ಅಚ್ಚುಗಳು 1960ರ ದಶಕದ ಕೊನೆಯ ಹೊತ್ತಿಗೆ ಕಲ್ಕತ್ತಾಗೆ ಬಂದವು. ಅವುಗಳಿಂದ ‘ನಿಕಿ ಟಾಯ್ಸ್’ ಎಂಬ ಹೆಸರಿನಲ್ಲಿ ಕಾರುಗಳು ತಯಾರಾದವು. ಅಚ್ಚು ಇಂಗ್ಲೆಂಡಿನದು, ಬಣ್ಣ ಮತ್ತು ಕೆಲಸ ಇಲ್ಲಿಯದು. 1980ರ ದಶಕದಲ್ಲಿ ಮ್ಯಾಟೆಲ್ ಪರವಾನಗಿಯಲ್ಲಿ ‘ಲಿಯೋ’ ಹೆಸರಿನಡಿ ಹಾಟ್ ವೀಲ್ಸ್ ಭಾರತದಲ್ಲೇ ತಯಾರಾಯಿತು. ಅಮೆರಿಕದಲ್ಲಿ ಬರದ ಬಣ್ಣಗಳು, ಬೇರೆ ಚಿತ್ತಾರಗಳು ಇದರಲ್ಲಿದ್ದವು. ಹಾಗಾಗಿ ಇಂದು ಹೊರದೇಶದ ಸಂಗ್ರಾಹಕರೂ ಇವನ್ನು ಹುಡುಕುತ್ತಾರೆ. ನಮ್ಮ ಮನೆಗಳ ಅಟ್ಟದಲ್ಲಿ 1930ರ ದಶಕದ ಡಿಂಕಿ ವ್ಯಾನು ಸಿಗುವುದಕ್ಕಿಂತ ಇಂಥದ್ದೊಂದು ಸಿಗುವ ಸಾಧ್ಯತೆ ಹೆಚ್ಚು. ಆದರೆ ಇಲ್ಲೂ ನಿಯಮ ಅದೇ: ಎಲ್ಲ ನಿಕಿ, ಎಲ್ಲ ಲಿಯೋ ಅಪರೂಪವಲ್ಲ. ಸ್ಥಿತಿ, ಬಣ್ಣ, ಪ್ಯಾಕೆಟ್ ನೋಡಿಯೇ ಬೆಲೆ.

ಮಾರುವ ಮುನ್ನ ಹಣ ಕೇಳಿದರೆ

ಹಳೆಯ ವಸ್ತುಗಳ ಹೆಸರಿನ ಮೋಸಕ್ಕೆ ಒಂದು ಗುರುತಾದ ದಾರಿ ಇದೆ. ‘ನಿಮ್ಮ ವಸ್ತುವಿಗೆ 8 ಲಕ್ಷ ಕೊಡುತ್ತೇವೆ’ ಎನ್ನುತ್ತಾರೆ. ಆಮೇಲೆ ನೋಂದಣಿಗೆ, ಪ್ರಮಾಣಪತ್ರಕ್ಕೆ, ಜಿಎಸ್‌ಟಿಗೆ, ಕೊರಿಯರ್‌ಗೆ ಎಂದು ಒಂದೊಂದೇ ಹಣ ಕೇಳುತ್ತಾರೆ. ಹಣ ಹೋಗುತ್ತಲೇ ಇರುತ್ತದೆ, ಕೊಳ್ಳುವವರು ಮಾತ್ರ ಬರುವುದಿಲ್ಲ. ಹಳೇ ನಾಣ್ಯ, ನೋಟುಗಳ ವಿಷಯದಲ್ಲಿ ಇದು ಎಷ್ಟು ಹೆಚ್ಚಿತೆಂದರೆ, ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಸ್ಪಷ್ಟಪಡಿಸಿತು. ಆಟಿಕೆ ಕಾರಿನ ಹೆಸರಿನಲ್ಲಿ ಬಂದರೂ ಉಪಾಯ ಅದೇ.

ನೆನಪಿಡಿ: ಹಣ ಪಡೆಯಲು ಯುಪಿಐ ಪಿನ್ ಹಾಕುವ ಅಗತ್ಯ ಎಂದಿಗೂ ಇಲ್ಲ. ಮಾರುವ ನೀವು ಕೊಳ್ಳುವವರಿಗೆ ಮುಂಗಡ ಕೊಡುವ ಪ್ರಮೇಯವೂ ಇಲ್ಲ. ಈಗಾಗಲೇ ಹಣ ಕಳೆದುಕೊಂಡಿದ್ದರೆ ನಾಚಿಕೆ ಪಡದೆ ತಕ್ಷಣ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ತಿಳಿಸುತ್ತೀರೋ, ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಮನೆಯಲ್ಲಿ ಹಳೆಯ ಕಾರು ಸಿಕ್ಕರೆ ಏನು ಮಾಡಬೇಕು?

1. ತೊಳೆಯಬೇಡಿ, ಉಜ್ಜಬೇಡಿ, ಬಿಚ್ಚಬೇಡಿ.
2. ತಳ ತಿರುಗಿಸಿ ಕಂಪನಿ, ದೇಶ, ನಂಬರು, ಮಾದರಿಯ ಹೆಸರು ಬರೆದುಕೊಳ್ಳಿ.
3. ಹಗಲು ಬೆಳಕಿನಲ್ಲಿ, ಫಿಲ್ಟರ್ ಇಲ್ಲದೆ ಆರು ಕಡೆಯಿಂದ ಫೋಟೋ ತೆಗೆಯಿರಿ. ರಿವೆಟ್ ಮತ್ತು ಚಕ್ರದ ಫೋಟೋ ಹತ್ತಿರದಿಂದ ಇರಲಿ.
4. ಆ ಮಾದರಿಯ ಸಾಮಾನ್ಯ ಬಣ್ಣ, ಚಕ್ರ ಯಾವುದು ಎಂದು ಸಂಗ್ರಾಹಕರ ಪಟ್ಟಿಯಲ್ಲಿ ಹುಡುಕಿ, ನಿಮ್ಮದರ ಜೊತೆ ಹೋಲಿಸಿ.
5. ವ್ಯತ್ಯಾಸ ಕಂಡರೆ, ಮಾರಾಟವಾದ ಬೆಲೆಗಳನ್ನು ನೋಡಿ. ಒಬ್ಬರ ಮಾತು ನಂಬದೆ ಇಬ್ಬರು ಮೂವರು ಅನುಭವಿಗಳಿಗೆ ತೋರಿಸಿ.
6. ಕಾರು ನಿಮ್ಮ ಕೈಯಲ್ಲೇ ಇರಲಿ. ‘ಪರೀಕ್ಷೆಗೆ ಕಳಿಸಿ’ ಎಂದು ಅಪರಿಚಿತರು ಹೇಳಿದರೆ ಕಳಿಸಬೇಡಿ.

ನಮ್ಮ ತೀರ್ಮಾನ

‘ಹಳೆಯ ಆಟಿಕೆ ಕಾರಿಗೆ ಲಕ್ಷ ರೂಪಾಯಿ’ ಎಂಬ ಮಾತು ಅರ್ಧ ಸತ್ಯ. ಕೆಲವೇ ಕೆಲವು ಕಾರುಗಳಿಗೆ ಆ ಬೆಲೆ ಬಂದಿದೆ. ಅವು ಹಳೆಯವೆಂದಲ್ಲ, ಕಾರ್ಖಾನೆಯಿಂದ ಹೊರಬಂದದ್ದೇ ಕೆಲವು, ಅದರಲ್ಲಿ ಉಳಿದದ್ದು ಇನ್ನೂ ಕೆಲವು ಎಂಬ ಕಾರಣಕ್ಕೆ. ನಿಮ್ಮ ಬಳಿ ಇರುವ ಕಾರು ಸಾಮಾನ್ಯದ್ದೇ ಆಗಿರುವ ಸಾಧ್ಯತೆ ಹೆಚ್ಚು. ಹಾಗೆಂದು ಎಸೆಯಬೇಕಿಲ್ಲ. ಲಕ್ಷ ಬಾರದಿದ್ದರೂ ಮನೆಯಲ್ಲಿ ಇಟ್ಟುಕೊಳ್ಳಲು ಯೋಗ್ಯವಾದ ವಸ್ತು ಅದು. ಇನ್ನು ಮುಂದೆ ಇಂಥ ಫಾರ್ವರ್ಡ್ ಬಂದರೆ ಹಂಚುವ ಮುನ್ನ ಎರಡು ಪ್ರಶ್ನೆ ಕೇಳಿ: ಯಾವ ರೂಪದ ಕಾರಿಗೆ ಆ ಬೆಲೆ ಬಂತು? ಈ ಸಂದೇಶ ಕೊನೆಗೆ ನನ್ನಿಂದ ಹಣ ಕೇಳುತ್ತದೆಯೇ?